ಚಪ್ಪಟೆಯಾದ ಆನೆ

ನಮ್ಮ ಬೀದಿಯ ಬೈಂಡಿಂಗ್ ಅಂಗಡಿಯ ಯಜಮಾನರಿಗೆ ಉಬ್ಬಿದ್ದು ಏನನ್ನು ಕಂಡರೂ ಆಗುತ್ತಿರಲಿಲ್ಲ. ಸುಕ್ಕಾದ ಕಾಗದವೊಂದು ಎದುರಿಗಿದ್ದರೆ, ಅದು ಯಾರದೇ ಆಗಿರಲಿ, ಮಾತಿನ ನಡುವೆಯೇ ಅವರ ಅಂಗೈ ಅತ್ತ ಸರಿದು, ನೀವಿ ನೀವಿ ಸಮ ಮಾಡಿ, ಮೇಲೊಂದು ಕಬ್ಬಿಣದ ತುಂಡು ಹೇರಿಯೇ ಹಿಂದಕ್ಕೆ ಬರುತ್ತಿತ್ತು. ಮನೆಯಲ್ಲಿ ಮಡಿಸಿಟ್ಟ ಬಟ್ಟೆಯ ಮೇಲೂ ಇಟ್ಟಿಗೆ ಕೂರುತ್ತದೆಂದು ಅವರ ಹೆಂಡತಿಯ ದೂರು. ಎಡಗಾಲನ್ನು ತುಸು ಎಳೆದು ನಡೆಯುವ, ಬೇಸಿಗೆಯಲ್ಲೂ ಅಂಟಿನ ಕಲೆಗಳ ಖಾಕಿ ಕೋಟನ್ನು ಬಿಚ್ಚದ ಈ ಮನುಷ್ಯ, ಒದ್ದೆ ಅಂಟಿಗಾಗಲಿ, ಊರಿನ ಗಾಳಿಮಾತಿಗಾಗಲಿ, ನನ್ನ ಜ್ವರಕ್ಕಾಗಲಿ ಹೇಳುತ್ತಿದ್ದುದು ಒಂದೇ ಮಾತು: "ಕೂತ್ಕೊಳ್ಳುತ್ತೆ ಬಿಡಿ."

ಕೆಲಸದಲ್ಲಿ ಯಾರಾದರೂ ಹುಳುಕು ತೆಗೆದರೆ ಮಾತ್ರ ಅವರಿಗೆ ಮೂಗಿನ ತುದಿಗೇ ಕೋಪ ಬಂದುಬಿಡುತ್ತಿತ್ತು. ಪುಸ್ತಕದ ಬೆನ್ನಿನ ಅಕ್ಷರ ಕೂದಲೆಳೆಯಷ್ಟು ವಾಲಿದೆಯೆಂದ ವಕೀಲರೊಬ್ಬರ ಎದುರೇ ಹೊಲಿಗೆ ಕತ್ತರಿಸಿ, ಬಿಡಿ ಹಾಳೆಗಳನ್ನು ಕೈಗಿತ್ತು ಬಾಗಿಲು ತೋರಿಸಿದ್ದನ್ನು ನಾನೇ ಕಂಡಿದ್ದೇನೆ. ಹೊಸ ಪುಸ್ತಕವನ್ನು ನಡುವಿನಿಂದ ತೆರೆದು ಅದರ ಬೆನ್ನು ಮುರಿದದ್ದಕ್ಕೆ ನನಗೂ ಒಮ್ಮೆ ಸರಿಯಾಗಿ ಮಂಗಳಾರತಿಯಾಗಿದೆ.

ಅವರು ಅಂಗಡಿ ತೆರೆದ ವರ್ಷವೇ ಎದುರಿನ ಮಹಡಿಯಲ್ಲಿ ಮುದ್ರಣಾಲಯ ಶುರುಮಾಡಿದವರು ಪ್ರೆಸ್ಸಿನಕ್ಕ. ಹದಿನೆಂಟು ವರ್ಷ ಅವರು ಅಚ್ಚು ಹಾಕಿದ್ದನ್ನು ಇವರು ಹೊಲಿದರು. ಪ್ರೆಸ್ಸಿನಕ್ಕನ ತಂಗಿ ಹುಟ್ಟುಕುರುಡಿ, ಕಣ್ಣಿಲ್ಲದ ಮಕ್ಕಳ ಶಾಲೆಯಲ್ಲಿ ಟೀಚರ್. ಚಿಕ್ಕಂದಿನಲ್ಲಿ ಅಕ್ಕ ಆ ತಂಗಿಯ ಅಂಗೈ ಮೇಲೆ ಬೆರಳಿನಿಂದ ಚಿತ್ರ ಬರೆದು ತೋರಿಸುತ್ತಿದ್ದಳಂತೆ. ಅದೇ ಆಸೆ ನಲವತ್ತು ದಾಟಿದ ಮೇಲೆ ಪುಸ್ತಕವಾಗಿ ಮೊಳೆಯಿತು: ದಪ್ಪ ಕಾಗದದಲ್ಲಿ ಗೆರೆಗಳು ಉಬ್ಬಿ ನಿಲ್ಲುವಂತೆ ಒತ್ತಿದ ಆನೆ, ದೋಣಿ, ಏಣಿ, ಬಾವಿ, ಮುಟ್ಟಿ ನೋಡುವ ಮೂವತ್ತು ಪ್ರತಿಗಳು. ಶಾಲೆಯ ಮಕ್ಕಳಿಗೆಂದು ಹೇಳಿದರೂ ಮೊದಲ ಓದುಗರು ಯಾರೆಂಬುದು ಎಲ್ಲರಿಗೂ ಗೊತ್ತಿತ್ತು. ಐದು ತಿಂಗಳು ಕೂತು ಪ್ರೆಸ್ಸಿನಕ್ಕ ತಗಡಿನ ಅಚ್ಚುಗಳನ್ನು ಕೊರೆದರು. ಪೂರ್ತಿಯಾಗುವ ತನಕ ತಂಗಿ ಒಂದು ಹಾಳೆಯನ್ನೂ ಮುಟ್ಟಕೂಡದೆಂದು ಅವರ ಹಟ. ಯಜಮಾನರೂ ಉತ್ಸಾಹದಿಂದ ಕೈಜೋಡಿಸಿ, ಮೊದಲ ಪುಟದಲ್ಲಿ ಇಬ್ಬರ ಹೆಸರೂ ಇರಲೆಂದರು.

ಹಾಳೆಗಳನ್ನು ಹೊಲಿದು ರಟ್ಟು ಕಟ್ಟಿದ ಮೇಲೆ, ಪ್ರತಿ ಪುಸ್ತಕಕ್ಕೂ ಮಾಡುವಂತೆ, ಅವರು ಮೂವತ್ತನ್ನೂ ಕಬ್ಬಿಣದ ಒತ್ತುಯಂತ್ರದಲ್ಲಿಟ್ಟು, ಚಕ್ರ ತಿರುಗಿಸಿ ಬಿಗಿದು, ಎರಡು ದಿನ ಬಿಟ್ಟರು. ಕೈ ತನ್ನ ಪಾಡಿಗೆ ತಾನು ಮಾಡಿಬಿಟ್ಟಿತು, ತಲೆ ತಡೆಯಲಿಲ್ಲ.

ಮೂರನೆಯ ದಿನ ಅಕ್ಕತಂಗಿಯರು ಬಂದಾಗ ನಾನೂ ಅಂಗಡಿಯಲ್ಲಿದ್ದೆ. ತಂಗಿ ಒಂದೊಂದೇ ಪುಟದ ಮೇಲೆ ಬೆರಳಾಡಿಸಿದರು, ಮತ್ತೆ ಮೊದಲಿಗೆ ಹೋದರು, ಆಮೇಲೆ ಮೆಲ್ಲಗೆ ಕೇಳಿದರು: "ತುಂಬಾ ನುಣುಪಾಗಿದೆ ಯಜಮಾನ್ರೇ. ಆನೆ ಎಲ್ಲಿ?"

ಪ್ರೆಸ್ಸಿನಕ್ಕ ಪುಸ್ತಕವನ್ನು ಬೆಳಕಿಗೆ ಹಿಡಿದು ನೋಡಿದರು. ಅದನ್ನು ಮೇಜಿನ ಮೇಲಿಟ್ಟು, ತಂಗಿಯ ಕೈಹಿಡಿದು ಹೊರಟುಹೋದರು. ಎಂಟು ದಿನ ಎದುರಿನ ಮಹಡಿಯಿಂದ ಒಂದು ಹಾಳೆಯೂ ಇಳಿದು ಬರಲಿಲ್ಲ. ಯಜಮಾನರ ಮುಖ ನೋಡಲು ನನಗೇ ಸಂಕಟವಾಗುತ್ತಿತ್ತು.

ಒಂಬತ್ತನೆಯ ದಿನ ಅವರು ಕಾಲೆಳೆದುಕೊಂಡು ಆ ಮಹಡಿಯನ್ನು ಮೊದಲ ಸಲ ಹತ್ತಿದರು. ತಪ್ಪಾಯಿತೆಂಬ ಮಾತೇ ಬರಲಿಲ್ಲವಂತೆ. ಅಚ್ಚುಗಳು ಇವೆಯೇ ಎಂದು ಕೇಳಿ, ಕಾಗದ ತಾವೇ ತರುವುದಾಗಿ ಹೇಳಿ, ಕೊನೆಗೆ ಇಷ್ಟೇ ಅಂದರಂತೆ: "ತಂಗಿಯವ್ರನ್ನ ದಿನಾ ಸಂಜೆ ಅಂಗಡಿಗೆ ಕಳ್ಸಿ. ಅವ್ರು ಸರಿ ಅಂದಿದ್ದೇ ಸರಿ."

ಈ ಸಲ ಪುಟಕ್ಕೆ ಪುಟ ತಾಗದಂತೆ ಬೆನ್ನಿನ ಕಡೆ ರಟ್ಟಿನ ಪಟ್ಟಿ ಸೇರಿಸಿ ಹೊಲಿದರು, ಭಾರ ಹೇರಲಿಲ್ಲ. ಪುಸ್ತಕಗಳು ದಿಂಬಿನಂತೆ ಉಬ್ಬಿ ನಿಂತವು. ಅವನ್ನು ಜೋಡಿಸುವಾಗ ಯಜಮಾನರು ಮುಖವನ್ನು ಅತ್ತ ತಿರುಗಿಸಿಕೊಳ್ಳುತ್ತಿದ್ದರು. ಮೊದಲ ಪ್ರತಿಯ ಆನೆಯ ಪುಟದಲ್ಲಿ ತಂಗಿಯ ಬೆರಳು ಬಹಳ ಹೊತ್ತು ಸುತ್ತಾಡಿತು. "ಅಕ್ಕಾ, ಅಂಗೈಯಲ್ಲಿ ಕಿವಿ ಇಷ್ಟು ದೊಡ್ಡದಿರಲಿಲ್ಲ" ಎಂದರು. ಪ್ರೆಸ್ಸಿನಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು.

ಆಮೇಲೆ ಆ ಟೀಚರಮ್ಮ ಯಾವ ದಾಕ್ಷಿಣ್ಯವನ್ನೂ ಇಟ್ಟುಕೊಳ್ಳಲಿಲ್ಲ. ಇಲ್ಲಿ ದೋಣಿಯ ತಳ ಸಿಗುತ್ತಿಲ್ಲ, ಅಲ್ಲಿ ಏಣಿಯ ಎರಡು ಮೆಟ್ಟಿಲು ಹೊಲಿಗೆಯೊಳಗೆ ಹೋಗಿವೆ ಎಂದು ಹನ್ನೊಂದು ಪ್ರತಿಗಳನ್ನು ಪಕ್ಕಕ್ಕೆ ಸರಿಸಿದರು. ವಕೀಲರಿಗೆ ಬಾಗಿಲು ತೋರಿಸಿದ್ದ ಮನುಷ್ಯ ಹನ್ನೊಂದನ್ನೂ ತುಟಿಪಿಟಕ್ಕೆನ್ನದೆ ಬಿಚ್ಚಿದರು. ಒಂದು ಪ್ರತಿಯನ್ನು ತೋರಿಸಿ, ಇದು ಚೆನ್ನಾಗಿಯೇ ಕಾಣುತ್ತದಲ್ಲ, ಯಾಕೆ ಬಿಚ್ಚುತ್ತೀರಿ ಎಂದು ನಾನು ಬಾಯಿ ಹಾಕಿದೆ. ಯಜಮಾನರು ತಲೆಯೆತ್ತಿ ನೋಡಿದರು.

"ನಿಮಗೇನ್ರೀ ಗೊತ್ತಾಗುತ್ತೆ? ನಿಮಗೆ ಕಣ್ಣಿದೆ."

ಇಂಥ ಕಸುಬುದಾರರನ್ನು ನಾವು ಅಹಂಕಾರಿಗಳೆಂದು ಕರೆದು ಸುಮ್ಮನಾಗುತ್ತೇವೆ. ತಮ್ಮ ಕೆಲಸವನ್ನು ತಮಗಿಂತ ಚೆನ್ನಾಗಿ ಬಲ್ಲವರೊಬ್ಬರು ಬಾಗಿಲಿಗೆ ಬಂದರೆ, ಅವರ ಮುಂದೆ ತಲೆಬಾಗಲು ಇವರಿಗೆ ಯಾವ ಸಂಕೋಚವೂ ಇಲ್ಲ. ಇವರಲ್ಲಿ ಬಹಳ ಮಂದಿಗೆ ಅಂಥವರು ಕೊನೆತನಕ ಸಿಗುವುದಿಲ್ಲ, ಸಿಡುಕುತ್ತಲೇ ಮುದುಕರಾಗಿಬಿಡುತ್ತಾರೆ.