ಸುಗರಾ ಬಿಡಿಸಿದ ಸೆರಗು

ಎರಡು ಸಾವಿರದ ಐದರಲ್ಲಿ ಇಳಕಲ್ಲಿನ ನೇಕಾರರ ಸಂಘದ ಕಚೇರಿಗೆ ವೈರಸ್ ಹೊಕ್ಕು ಕಂಪ್ಯೂಟರುಗಳೆಲ್ಲ ಕೆಟ್ಟು ಕೂತವು. ಸರಿಮಾಡುವ ಹೊಣೆ ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಪದ್ಮಶ್ರೀಯ ತಲೆಗೆ ಬಂತು. ಒಂದೊಂದಕ್ಕೂ ಸಿಡಿ ಹಾಕುತ್ತ ಕೂತರೆ ಮುಗಿಯುವ ಮಾತಲ್ಲವೆಂದು ಅವಳು ಒಂದು ಕಂಪ್ಯೂಟರನ್ನು ಬೇಕಾದ ಹಾಗೆ ಸಿದ್ಧಮಾಡಿ, ಅದರ ಪೂರ್ತಿ ನಕಲನ್ನು ಸರ್ವರಿನಲ್ಲಿಟ್ಟಳು. ಇನ್ನು ಯಾವುದಕ್ಕೆ ನೆಟ್‌ವರ್ಕಿನ ವೈರು ಜೋಡಿಸಿ ಚಾಲೂ ಮಾಡಿದರೂ ಆ ನಕಲು ತಾನಾಗಿ ಇಳಿಯುತ್ತಿತ್ತು. ಮೊದಲಿದ್ದದ್ದನ್ನೆಲ್ಲ ಅಳಿಸಿಯೇ ಇಳಿಯುತ್ತಿತ್ತು.

ಅದಕ್ಕೇ ಅವಳು ಸುಗರಾಳ ಕಂಪ್ಯೂಟರಿನ ವೈರು ಕಿತ್ತಿಟ್ಟಿದ್ದಳು. ಸುಗರಾ ಸಂಘದ ಡಿಸೈನರ್. ಸೀರೆಯ ದಡಿ, ಸೆರಗುಗಳನ್ನು ಚೌಕಳಿ ಚೌಕಳಿಯಾಗಿ ಬಣ್ಣ ತುಂಬಿ ಬಿಡಿಸುವವಳು. ಅವಳ ವರ್ಷಗಟ್ಟಲೆಯ ಕೆಲಸ ಅದೊಂದರಲ್ಲೇ ಇತ್ತು.

"ಸರ್, ಸುಗರಾ ಅವರ ಕಂಪ್ಯೂಟರಿಗೆ ವೈರ್ ಚುಚ್ಚಬ್ಯಾಡ್ರಿ, ಡಿಸೈನ್ ಎಲ್ಲಾ ಅಳಿಸಿ ಹೋಗ್ತಾವು. ಬಾಗಲಕೋಟಿಗೆ ಹೋಗಿ ಹಾರ್ಡ್ ಡಿಸ್ಕ್ ತರ್ತೇನಿ, ಮೊದಲ ಕಾಪಿ ಮಾಡಿಕೊಳ್ಳೋಣ್ರಿ."

"ಆತವಾ, ಹೋಗಿ ಬಾ," ಎಂದಿದ್ದರು ಮ್ಯಾನೇಜರ್ ಶಿವಪ್ರಕಾಶರು.

ಮಧ್ಯಾಹ್ನ ಅವಳು ಬಸ್ಸಿಳಿದು ಬಂದಾಗ ಸಂಘದ ಅಧ್ಯಕ್ಷ ಈರಪ್ಪನವರು ಕಚೇರಿಯಲ್ಲಿದ್ದರು. ಶಿವಪ್ರಕಾಶರು ಕೈ ಬೀಸಿ ತೋರಿಸುತ್ತಿದ್ದರು: "ನೋಡ್ರಿ, ಒಮ್ಮಿಗೇ ಎಲ್ಲಾ ಹೊಸಾವು ಆಗ್ತಾವು." ಸಾಲಿನ ಕೊನೆಗೆ ಸುಗರಾಳ ತೆರೆಯ ಮೇಲೂ ನಕಲು ಇಳಿಯುವುದನ್ನು ತೋರಿಸುವ ನೀಲಿ ಪಟ್ಟಿ ತುಂಬುತ್ತಿತ್ತು. ಪದ್ಮಶ್ರೀ ಓಡಿಹೋಗಿ ವೈರು ಕಿತ್ತಳು. ಪಟ್ಟಿ ಅರ್ಧ ದಾಟಿಬಿಟ್ಟಿತ್ತು.

"ಯಾರು ಚುಚ್ಚಿದ್ರಿ ಇದನ್ನ?"

"ಒಂದ ಹಂಗ ಉಳಿದ್ರ ಅಧ್ಯಕ್ಷರ ಮುಂದ ಚಂದ ಕಾಣ್ತೈತೇನವಾ? ಏನಾತೀಗ?"

"ಏನಾತು ಅಂತೀರಲ್ಲರಿ! ಬ್ಯಾಡ ಅಂತ ಬಾಯಿಬಿಟ್ಟು ಹೇಳಿ ಹೋಗಿದ್ನಿ!"

ಶಿವಪ್ರಕಾಶರು ಅಧ್ಯಕ್ಷರ ಕಡೆ ತಿರುಗಿದರು. "ಅಳಿಸಿ ಹೋಗ್ತದ ಅಂತ ಈಕಿ ಹೇಳೇ ಇಲ್ರಿ."

ಪದ್ಮಶ್ರೀಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಹತ್ತಿತು. ಅಷ್ಟರಲ್ಲಿ ಊಟಕ್ಕೆ ಹೋಗಿದ್ದ ಸುಗರಾ ಒಳಬಂದಳು. ಎಲ್ಲರ ಮುಖ ನೋಡಿ, ತನ್ನ ಮೇಜಿನ ಕಡೆ ನೋಡಿ ನಿಂತುಬಿಟ್ಟಳು. "ನನ್ನ ಡಿಸೈನ್?"

ಪದ್ಮಶ್ರೀ ಸರ್ವರಿನ ಸ್ವಿಚ್ಚು ಆರಿಸಿ ಶಿವಪ್ರಕಾಶರ ಕಡೆ ತಿರುಗಿದಳು. "ಏನಾತಂತ ನೀವ ಹೇಳ್ರಿ ಸರ್. ಹೇಳೂತನಕ ನಾ ಇಲ್ಲಿ ಯಾವುದನ್ನೂ ಮುಟ್ಟೂದಿಲ್ಲ. ನೌಕರಿ ಹೋದ್ರ ಹೋಗ್ಲಿ."

"ಶಿವಪ್ರಕಾಶ," ಎಂದರು ಈರಪ್ಪನವರು, "ಕಿತ್ತಿಟ್ಟ ವೈರು ನೀ ಚುಚ್ಚಿದ್ದು ನಾನೂ ನೋಡೇನಿ. ಕಾರಣ ಹೇಳದ ಈಕಿ ಕಿತ್ತಿಡ್ತಿದ್ಲೇನು? ಸುಳ್ಳ್ಯಾಕ?"

"ತಪ್ಪಾತು," ಶಿವಪ್ರಕಾಶರು ನೆಲ ನೋಡುತ್ತ ಗೊಣಗಿದರು.

"ನೆಲಕ್ಕ ಹೇಳಬ್ಯಾಡ್ರಿ," ಎಂದಳು ಸುಗರಾ. "ನನ್ನ ಮಾರಿ ನೋಡಿ ಹೇಳ್ರಿ."

ಅವರು ಹೇಳಿದರು. ಸುಗರಾ "ಇರ್ಲಿ ಬಿಡ್ರಿ" ಅನ್ನಲಿಲ್ಲ.

ಅಳಿದದ್ದನ್ನು ಹುಡುಕಿ ತೆಗೆಯುವ ಪ್ರೋಗ್ರಾಮು ಹಾಕಿ ಪದ್ಮಶ್ರೀ ದಿನಗಟ್ಟಲೆ ಜಾಲಾಡಿದಳು. ಕೆಲವು ಸಿಕ್ಕವು, ಬಹಳಷ್ಟು ಒಡಕಾಗಿ ತೆರೆದವು. ನೇಯ್ದು ಮುಗಿದಿದ್ದ ನಮೂನೆಗಳನ್ನು ಸುಗರಾ ನೇಕಾರರ ಮನೆಮನೆಗೆ ಹೋಗಿ, ಸೀರೆ ಹರವಿಸಿ, ಮತ್ತೆ ಬಿಡಿಸಿಕೊಂಡು ಬಂದಳು. ಇನ್ನೂ ಮಗ್ಗ ಹತ್ತದಿದ್ದವು ಹೋಗಿಯೇ ಬಿಟ್ಟವು. ಅವುಗಳಲ್ಲೊಂದು ಸೆರಗನ್ನು ಅವಳು ನೆನಪಿನಿಂದ ಬಿಡಿಸಲು ಕೂತಳು. ಬಿಡಿಸಿದಳು, ಅಳಿಸಿದಳು, ಮತ್ತೆ ಬಿಡಿಸಿದಳು.

"ಇದಲ್ಲ ಪದ್ಮಶ್ರೀ," ಎಂದಳು. "ಇದಲ್ಲ ಅದು."

ಪಕ್ಕದಲ್ಲಿ ಕೂತಿದ್ದ ಪದ್ಮಶ್ರೀ ಮ್ಯಾನೇಜರರ ಕೋಣೆಯ ಕಡೆ ನೋಡಿ ಹಲ್ಲು ಕಚ್ಚಿದಳು.