ಮೂರು ಸಲದ ಮಿತಿ

ಸಹೃದಯ ವಾಚಕ ಮಹಾಶಯರೇ, ಯಂತ್ರಕ್ಕೆ ನೆನಪಿರುವುದಿಲ್ಲವೆಂದು ದೃಢವಾಗಿ ನಂಬಿರುವವರು ಈ ವೃತ್ತಾಂತವನ್ನು ಹಗಲಿನಲ್ಲಿಯೇ ಓದತಕ್ಕದ್ದು. ಏಕೆಂದರೆ ಇದು ನಡೆದದ್ದೂ ಹಾಡುಹಗಲಿನಲ್ಲಿಯೇ.

೧೯೯೭ರ ಆಷಾಢ. ಚಿನಕುರಳಿಯಿಂದಾಚೆಯ ಕೆರೆಯ ತೂಬಿನ ಮನೆಯಲ್ಲಿ ಮಹದೇವಸ್ವಾಮಿ ರೇಡಿಯೊ ಪೆಟ್ಟಿಗೆಯೊಂದರ ಮುಂದೆ ಮಂಡಿಯೂರಿ ಕುಳಿತಿದ್ದ. ಊರೂರು ಅಲೆದು ಇಂಥ ಪೆಟ್ಟಿಗೆಗಳನ್ನು ಕೂರಿಸುವುದೇ ಅವನ ಕಸುಬು. ಕೆರೆಯ ನೀರಿನ ಮಟ್ಟದ ಲೆಕ್ಕವನ್ನು ಪುಟ್ಟ ಪ್ಯಾಕೆಟ್ಟಾಗಿ ಕಟ್ಟಿ ಅದು ಗಾಳಿಯಲ್ಲಿ ರವಾನಿಸಬೇಕಾಗಿತ್ತು. ಜೋಡಿ ಪೆಟ್ಟಿಗೆಯನ್ನು ಹೊತ್ತು ಗದ್ದೆಗಳಿಗೆ ನೀರು ಬಿಡುವ ನೀರುಗಂಟಿ ಕುಳ್ಳಯ್ಯ ಆಚೆ ದಡಕ್ಕೆ ಹೋಗಿದ್ದ.

ಬೀಗ ತೆಗೆದುಕೊಟ್ಟ ಮಾಯಮ್ಮ, ಒಂದು ತಂಬಿಗೆ ಮಜ್ಜಿಗೆ ಮತ್ತು ಕುಳ್ಳಯ್ಯನಿಗೂ ಸೇರಿ ಮೂರು ಲೋಟ ಇಟ್ಟುಕೊಂಡು ಹೊಸ್ತಿಲ ಮೇಲೆ ಕುಳಿತಿದ್ದಳು. ಹಿಂದಿನ ನೀರುಗಂಟಿ ದೇವಯ್ಯನ ಹೆಂಡತಿ ಅವಳು.

"ಏನ್ ಸ್ವಾಮಿ, ಆಗ್ಲಿಂದ ಅದ್ರ ಹೊಟ್ಟೆ ಅಮುಕ್ತಾನೇ ಇದ್ದೀರಲ್ಲ, ಅಜೀರ್ಣವಾ ಅದ್ಕೆ?"

ಮಹದೇವಸ್ವಾಮಿ ನಕ್ಕ. "ಇದು ಕೂಗ್ತದೆ ಕಣಮ್ಮ. ಆ ದಡದ್ದು 'ಓ' ಅನ್ಬೇಕು. ಅನ್ನದಿದ್ರೆ ಇನ್ನೆಷ್ಟು ಸಲ ಕೂಗ್ಬೇಕು ಅಂತ ಹೇಳಿಕೊಡ್ತಿದ್ದೀನಿ. ಒಟ್ಟು ಮೂರು ಸಲ. ಆಮೇಲೆ ಸುಮ್ಮನಾಗ್ತದೆ."

ಅವಳ ಮುಖದ ನಗೆ ಆರಿತು. "ನಮ್ಮೋರೂ ಕೂಗಿರ್ತಾರೆ. ಓದ್ ಆಷಾಢದಾಗೆ, ಇದೇ ತೂಬಿನ್ ಬಾಯಲ್ಲಿ ಕಾಲ್ ಸಿಕ್ಕಾಕಂಡು ಓಗ್ಬುಟ್ರು. ಕುಳ್ಳಯ್ಯ ಆಚೆ ದಡದಾಗೇ ಇದ್ದ. ಇಬ್ರಿಗೂ ಮಾತಿರ್ನಿಲ್ಲ. ಗಾಳಿಗೆ ಏನೂ ಕೇಳುಸ್ನಿಲ್ಲ ಅಂದ್ಬುಟ್ಟ. ಕೇಳುಸ್ತೋ ಇಲ್ವೋ, ಅದೊಂದ್ ಗೊತ್ತಾಗ್ಬುಟ್ರೆ ಸಾಕು ನಂಗೆ."

ಇಂದೂ ಅಂಥದೇ ಗಾಳಿ; ತೂಬಿನ ಮನೆಯ ಬಾಗಿಲು ಬಡಿದುಕೊಳ್ಳುತ್ತಿತ್ತು.

ಮಹದೇವಸ್ವಾಮಿ ಮಿತಿಯನ್ನು ಮೂರಕ್ಕೆ ನಿಲ್ಲಿಸಿ ಚಾಲೂ ಮಾಡಿದ. ಪೆಟ್ಟಿಗೆ ಗೊರ್ ಎಂದಿತು. ಉತ್ತರವಿಲ್ಲ. ಎರಡು. ಮೂರು. ಕೂಗಿನ ಎಣಿಕೆ ತೋರುವ ಗಾಜಿನ ಪಟ್ಟಿಯಲ್ಲಿ ನಾಲ್ಕು ಮೂಡಿತು.

ಐದು. ಅವನು ಮಿತಿಯನ್ನು ಮತ್ತೆ ತೆರೆದು ನೋಡಿದ; ಮೂರೇ ಇತ್ತು. ಒಂಬತ್ತು. ಬ್ಯಾಟರಿಯ ತಂತಿಯನ್ನು ಕಿತ್ತ. ಹತ್ತು. ಗೊರಗೊರ ಸದ್ದು ಈಗ ಗಂಟಲಿಗೆ ನೀರು ಹೊಕ್ಕವನ ಉಸಿರಿನಂತಿತ್ತು. ಮಾಯಮ್ಮ ಎದ್ದು ನಿಂತಳು.

ಹದಿನೇಳಕ್ಕೆ, ಆಚೆ ದಡದಿಂದ, ಗಾಳಿಯನ್ನು ಸೀಳಿಕೊಂಡು ಕುಳ್ಳಯ್ಯನ ದನಿ ಬಂತು:

"ಓ... ಕೇಳುಸ್ತು ಕಣ್ಲಾ ದೇವಯ್ಯ! ಅವತ್ತೂ ಕೇಳುಸ್ತು! ಸಾಕು, ನಿಲ್ಸ್ಬುಡ್ಲಾ!"

ಪೆಟ್ಟಿಗೆ ಸುಮ್ಮನಾಯಿತು. ಪ್ಯಾಕೆಟ್ಟು ತಲುಪಿತೆಂದು ಹೇಳುವ ಹಸಿರು ದೀಪ ಒಮ್ಮೆ ಹೊತ್ತಿ ಆರಿತು.

"ಎಷ್ಟಾಯ್ತು ಸ್ವಾಮಿ?" ಮಾಯಮ್ಮನ ದನಿ ತಣ್ಣಗಿತ್ತು.

"ಹದಿನೇಳು."

"ಅಷ್ಟ್ ಸಲ ಕೂಗವ್ರೆ," ಎಂದಳು. ಮಜ್ಜಿಗೆಯ ತಂಬಿಗೆಯನ್ನು ಕೈಗೆತ್ತಿಕೊಂಡಳು.

ಮಹದೇವಸ್ವಾಮಿ ತಂತಿಗಳನ್ನು ಸುತ್ತಿದ. ಪೆಟ್ಟಿಗೆಯನ್ನು ಚೀಲಕ್ಕಿಳಿಸಿ ಬಾಯಿಗೆ ಎರಡು ಗಂಟು ಹಾಕಿದ. ಅದರ ಜೋಡಿ ಆಚೆ ದಡದಲ್ಲಿಯೇ ಉಳಿಯಿತು. ತರಲು ಅವನು ಹೋಗಲಿಲ್ಲ. ಚೀಲವನ್ನು ಹೆಗಲಿಗೇರಿಸಿ, ಏರಿಯ ಮೇಲೆ ಬಸ್ಸಿನ ದಾರಿ ಹಿಡಿದ.

ತಿರುವಿನಲ್ಲಿ ಒಮ್ಮೆ ಹೊರಳಿ ನೋಡಿದಾಗ, ಮಾಯಮ್ಮ ಮೂರನೆಯ ಲೋಟವನ್ನು ತೂಬಿನ ಬಾಯಿಗೆ ಬಗ್ಗಿಸಿ, ಮಜ್ಜಿಗೆಯನ್ನು ನಿಧಾನವಾಗಿ ನೀರಿಗೆ ಸುರಿಯುತ್ತಿದ್ದಳು.