ಈಶ್ವರನ ಹಿತ್ತಿಲಿಗೆ ಕಾವಲಿನ ಗಿಡ

ಅಜ್ಜಂಪುರದ ಈಶ್ವರನ ಗುಡಿಯಲ್ಲಿ ಶ್ರಾವಣ ಮಾಸವಿಡೀ ದೀಪ ಹಚ್ಚುವ ಹೊತ್ತಿಗೆ ಕಾವ್ಯ ಓದಿಸುವ ಪದ್ಧತಿ. ಓದುವ ಮುನ್ನ ಹೊತ್ತಗೆಗೆ ಹೂವೇರಿಸಬೇಕು. ಹೂ ಕೊಡುವವನಿಗೆ ಬೇರೇನೂ ಸಿಗುವುದಿಲ್ಲ. ವ್ಯಾಸಪೀಠದ ಎದುರಿಗೇ, ಓದುವವರ ಉಸಿರು ತಾಗುವಷ್ಟು ಹತ್ತಿರ, ಒಂದು ಚಾಪೆ ಅವನದು.

ಆ ಚಾಪೆ ತೀರ್ಥಪ್ಪನ ಮನೆಗೆ ಅವನ ಅಜ್ಜನ ಕಾಲದಿಂದ ಬಂದದ್ದು. ಒಂದಿಷ್ಟು ಹೊಲ, ತೆಂಗಿನ ತೋಟ ಇದ್ದ ತೀರ್ಥಪ್ಪ ಬೇರೆ ಯಾವುದಕ್ಕೂ ಆಸೆಪಟ್ಟವನಲ್ಲ, ಆ ಚಾಪೆಯೊಂದನ್ನು ಬಿಟ್ಟು. ಎರಡು ವರ್ಷದಿಂದ ಅವನ ಕಿವಿ ಮಂದವಾಗಿತ್ತು. ಎರಡನೆಯ ಸಾಲಿನಲ್ಲಿ ಕೂತರೆ ಓದುವವರ ಬಾಯಿ ಆಡುವುದು ಕಾಣುತ್ತಿತ್ತೇ ಹೊರತು ಪದ್ಯ ಕೇಳುತ್ತಿರಲಿಲ್ಲ. ಇದು ಅವನ ಹೆಂಡತಿ ಹುಲಿಗೆಮ್ಮನಿಗೆ ಬಿಟ್ಟರೆ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಗುಡಿಯ ಹಿತ್ತಿಲ ಗೋಡೆ ಒಂದು ಮಳೆಗಾಲ ಮಗುಚಿಕೊಂಡು, ಅವನು ದಿನವೂ ಹೂ ಕೊಯ್ಯುತ್ತಿದ್ದ ಹಳೆಯ ಮಲ್ಲಿಗೆ ಹಂಬೆಲ್ಲ ಅದರಡಿ ಸತ್ತಿತು. ತೀರ್ಥಪ್ಪ ಎದೆಗುಂದಲಿಲ್ಲ. ಕಾವ್ಯದಲ್ಲಿ ಬರುವ ಅರಸನ ಉದ್ಯಾನ ಅವನಿಗೆ ಬಾಯಿಪಾಠವಾಗಿತ್ತು. ಮೊದಲು ಸಂಪಿಗೆ, ಆಮೇಲೆ ಸುರಗಿ, ಅದರ ಪಕ್ಕ ಕೇದಗೆ, ಕೊನೆಗೆ ಮಲ್ಲಿಗೆ. ಪದ್ಯದಲ್ಲಿ ಬಂದ ಕ್ರಮದಲ್ಲೇ ಸಾಲು ಹಿಡಿದು ನೆಟ್ಟ. ಸಂಪಿಗೆ ಸಸಿಗೆ ಸಖರಾಯಪಟ್ಟಣಕ್ಕೆ ಹೋದ. ಸುರಗಿಗೆ ತರೀಕೆರೆಯ ಆಚೆಯ ಕಾಡಂಚಿಗೆ ಗಾಡಿ ಕಟ್ಟಿದ. ಕೇದಗೆಯನ್ನು ಕೆರೆಯ ಅಂಚಿನಿಂದ ಕೀಳುವಾಗ ಮೈಯೆಲ್ಲ ತರಚಿಕೊಂಡ.

ಸಂಪಿಗೆ ಬಿಸಿಲಿಗೆ ಸುಟ್ಟಿತು. ಸುರಗಿ ಎರಡು ಎಲೆ ಬಿಟ್ಟು, ಯೋಚಿಸಿ, ಅವನ್ನೂ ಉದುರಿಸಿತು. ಕೇದಗೆ ಬುಡ ಒಣಗಿ ಪೊರಕೆಯಾಯಿತು. ಸಾಲಿನ ಕೊನೆಯ ಮಲ್ಲಿಗೆ ಹೊಂಗೆಮರದ ದಟ್ಟ ನೆರಳಿಗೆ ಸಿಕ್ಕಿತ್ತು. ಎಲೆ ಸೊಂಪಾಗಿ ಬಂತು, ಮೊಗ್ಗು ಒಂದೂ ಇಲ್ಲ.

ಆ ಶ್ರಾವಣ ತೀರ್ಥಪ್ಪ ದಿನವೂ ಊರಲ್ಲಿ ಮನೆಮನೆಯ ಹೂ ಬೇಡಿ ತಂದ. ತಿಂಗಳು ಮುಗಿದ ಮೇಲೆ ನೆರೆಮನೆಯ ಈರಭದ್ರಪ್ಪ ಪಂಚರ ಮುಂದೆ ಬಾಯಿ ಬಿಟ್ಟ.

"ತೀರ್ಥಣ್ಣ ತಿರುಪೆ ಹೂ ತಂದು ಚಾಪೆ ಮೇಲೆ ಕೂತ್ಕೋತಾನಲ್ಲ, ಇದ್ಯಾವ ನ್ಯಾಯ ಕಣ್ರೀ? ನಾನು ಬೆಂಗಳೂರಿಂದ ರೈಲಲ್ಲಿ ಗುಲಾಬಿ ಕುಂಡ ತರಿಸ್ತೀನಿ. ಚಾಪೆ ನಂಗೆ ಬಿಡ್ಲಿ."

ಕಾವ್ಯ ಓದುತ್ತಿದ್ದ ಶಿವಮೂರ್ತಪ್ಪನವರು ವಯಸ್ಸಾದವರು, ನಿಧಾನಸ್ಥರು. "ಮುಂದಿನ ಶ್ರಾವಣದವರೆಗೂ ನೋಡೋಣ" ಎಂದರು. "ತಿಂಗಳಿಡೀ ತನ್ನ ಕೈಯಾರೆ ಬೆಳೆದ ಹೂ ಯಾರು ಕೊಡ್ತಾರೋ ಅವರದು ಚಾಪೆ."

ಮನೆಗೆ ಬಂದು ತೀರ್ಥಪ್ಪ ಕಂಬಕ್ಕೊರಗಿ ಕೂತ. ಹುಲಿಗೆಮ್ಮ ರಾಗಿ ಕೇರುತ್ತಿದ್ದಳು. ಎಮ್ಮೆದೊಡ್ಡಿ ಕಾವಲಿನ ಹುಲ್ಲುಬಯಲಲ್ಲಿ ಅಮೃತಮಹಲ್ ದನ ಕಾಯುವವರ ಮಗಳು ಅವಳು.

"ಏನ್ರೀ," ಎಂದು ಅವನಿಗೆ ಕೇಳುವಷ್ಟು ಗಟ್ಟಿಯಾಗಿ ಕೂಗಿದಳು, "ಆ ಅರಸನ ತೋಟಕ್ಕೆ ನೀರು ಹೊಯ್ಯೋರು ಎಷ್ಟು ಜನ ಇದ್ರು?"

"ಕಾವ್ಯದಲ್ಲಿ ಹೇಳಿಲ್ಲ ಕಣೇ."

"ನಮ್ಮನೇಲಿ ನಾನೊಬ್ಳೇ ಇದೀನಿ. ಅದಾದ್ರೂ ನೆನಪಿರ್ಲಿ."

ಮರುದಿನ ಬೆಳಗ್ಗೆ ಮಡಿಲ ತುಂಬ ಬೆಣಚುಕಲ್ಲು ತುಂಬಿಕೊಂಡು ಗುಡಿಯ ಹಿತ್ತಿಲಿಗೆ ಹೋದಳು. ಹೊಂಗೆಯ ನೆರಳು ಎಲ್ಲಿ ಮುಗಿಯುತ್ತದೋ ಅಲ್ಲಿ ಕಲ್ಲು ಇಟ್ಟಳು. ನಡುಹಗಲು ಬಂದು ನೆರಳು ಸರಿದಲ್ಲಿ ಮತ್ತೆ ಇಟ್ಟಳು. ಸಂಜೆ ಮತ್ತೊಂದು ಸಾಲು. ದನಗಳು ಯಾವ ಹೊತ್ತಿಗೆ ಎಲ್ಲಿ ಮಲಗುತ್ತವೆಂದು ಅವಳಪ್ಪ ಹೀಗೇ ಗುರುತು ಹಾಕುತ್ತಿದ್ದ. ತಿಂಗಳಿಗೊಮ್ಮೆ ಇದೇ ಕೆಲಸ. ಎರಡನೆಯ ತಿಂಗಳು ಹೋಗಿ ನೋಡಿದರೆ ಕಲ್ಲುಗಳಿಗೆಲ್ಲ ಯಾರೋ ಅರಿಶಿನ ಕುಂಕುಮ ಹಚ್ಚಿದ್ದಾರೆ, ಒಂದರ ಮುಂದೆ ಬಾಳೆಹಣ್ಣು ಬೇರೆ.

"ಯಾವ್ದಮ್ಮ ಈ ದೇವ್ರು?" ಎಂದು ಕೈಮುಗಿದುಕೊಂಡು ನಿಂತಿದ್ದ ಶಂಕರಮ್ಮ ಕೇಳಿದಳು.

"ಸಂಜೆ ನಾಲ್ಕು ಗಂಟೆ ಬಿಸಿಲು ಕಣಕ್ಕಾ," ಎಂದು ಹುಲಿಗೆಮ್ಮ ಬಾಳೆಹಣ್ಣು ಸುಲಿದು ಅರ್ಧ ಅವಳಿಗೆ ಕೊಟ್ಟಳು.

ಬಿಸಿಲು ದಿನವಿಡೀ ಬೀಳುವ ಕಲ್ಲುನೆಲ ಯಾವುದು, ಬೆಳಗಿನ ಎಳೆಬಿಸಿಲು ಮಾತ್ರ ಕಾಣುವ ಜಾಗ ಯಾವುದು ಎಂದು ಅವಳಿಗೆ ಈಗ ತಿಳಿದಿತ್ತು. ತವರಿಗೆ ಹೋಗಿ ಕಾವಲಿನಲ್ಲಿ ತಾನಾಗಿ ಬೆಳೆದದ್ದನ್ನೇ ತಂದಳು. ಕಲ್ಲುನೆಲಕ್ಕೆ ಎಕ್ಕ, ಆವರಿಕೆ. ತೊರೆಯ ದಂಡೆಯ ಕಣಗಿಲೆ ಕಡ್ಡಿ ಮುರಿದು ಅವುಗಳ ಹಿಂದೆ ಊರಿದಳು. ಹೊಂಗೆಯ ಅಂಚಿಗೆ ನಂದಿಬಟ್ಟಲು, ಇನ್ನೂ ಒಳಗೆ ಗೋರಂಟೆ. ನಡುವೆ ತುಂಬೆ ಬೀಜ ಎರಚಿ, "ನೀನು ಎಲ್ಲಾದ್ರೂ ಬದುಕ್ಕೋ" ಎಂದಳು.

"ಇದೆಲ್ಲ ಬೇಲಿ ಗಿಡ ಕಣೇ!" ತೀರ್ಥಪ್ಪ ತಲೆಯ ಮೇಲೆ ಕೈ ಹೊತ್ತ. "ಗೋರಂಟೆ ಹೂ ಬಿಡೋದು ಕಾರ್ತೀಕಕ್ಕೆ!"

"ಕಾರ್ತೀಕದಲ್ಲಿ ಶಿವ ಏನ್ ಊರಲ್ಲಿರಲ್ವಾ? ಶ್ರಾವಣಕ್ಕೆ ಮಿಕ್ಕಿದ್ದು ಬರುತ್ತೆ, ನೀರು ಎತ್ಕೊಡಿ."

ಆ ಬೇಸಗೆ ನೀರು ಎತ್ತಿ ಎತ್ತಿ ತೀರ್ಥಪ್ಪನ ಭುಜ ಇಳಿಯಿತು. ಮಳೆ ಬಿದ್ದ ಮೇಲೆ ಗಿಡಗಳು ಅವನ ಮುಖ ನೋಡುವುದನ್ನೇ ಬಿಟ್ಟವು.

ಶ್ರಾವಣದ ಮೊದಲ ಸಂಜೆ ಗುಡಿ ತುಂಬಿತ್ತು. ಚಾಪೆ ಖಾಲಿಯಾಗಿತ್ತು. ಈರಭದ್ರಪ್ಪ ಹಿತ್ತಾಳೆ ತಟ್ಟೆಯಲ್ಲಿ ಆರು ಕೆಂಪು ಗುಲಾಬಿ ತಂದ. ಜನ ಕತ್ತು ಚಾಚಿ ನೋಡಿದರು. ತೀರ್ಥಪ್ಪ ಬಿದಿರು ಬುಟ್ಟಿ ಇಳಿಸಿದ: ಬಿಳಿ ತುಂಬೆ, ಎಕ್ಕದ ಸರ, ಕಣಗಿಲೆ, ಮೇಲೆ ನಂದಿಬಟ್ಟಲು.

"ಹೋ, ಬೇಲಿ ಕಿತ್ಕೊಂಡ್ ಬಂದ್ಬಿಟ್ಟ!" ಎಂದ ಈರಭದ್ರಪ್ಪ.

ಶಿವಮೂರ್ತಪ್ಪನವರು ಬುಟ್ಟಿಗೆ ಕೈಹಾಕಿ ಒಂದು ತುಂಬೆ ಹೂ ಎತ್ತಿ ಕಣ್ಣಿಗೊತ್ತಿಕೊಂಡರು. "ಶಿವ ತಲೆ ಮೇಲೆ ಇಟ್ಕೊಳ್ಳೋದು ಇದನ್ನೇ ಕಣಪ್ಪಾ. ಇರ್ಲಿ, ಗುಲಾಬೀನೂ ಚೆನ್ನಾಗಿದೆ. ನಾಳೆಗೆ?"

"ನಾಳೆಗೆ..." ಈರಭದ್ರಪ್ಪ ತಲೆ ಕೆರೆದ. "ಒಂದು ಮೊಗ್ಗಿದೆ. ಸೋಮವಾರ ಅರಳಬೌದು."

"ಯಾವ ಸೋಮವಾರ?" ಎಂದು ಹಿಂದಿನಿಂದ ಯಾರೋ ಕೂಗಿದರು. ಗುಡಿಯೆಲ್ಲ ನಕ್ಕಿತು.

ಆ ನಗುವಿನ ನಡುವೆ ಶಿವಮೂರ್ತಪ್ಪನವರು ತೀರ್ಥಪ್ಪನ ಕಡೆ ತಿರುಗಿ ಗಟ್ಟಿಯಾಗಿ ಕೇಳಿದರು. "ತಿಂಗಳಿಡೀ ಬರೋ ಹೂ ಇದು. ಬೆಳೆದೋನು ನೀನೇನಾ?"

ತೀರ್ಥಪ್ಪ ಈಶ್ವರನ ಕಡೆ ನೋಡಿದ, ಚಾಪೆಯ ಕಡೆ ನೋಡಿದ. "ಇಲ್ಲ ಸ್ವಾಮಿ. ನಾನು ನೆಟ್ಟಿದ್ದೆಲ್ಲ ಸತ್ತೋಯ್ತು. ಇದು ಇವಳ್ದು. ನಾನು ನೀರು ಎತ್ತಿದೆ, ಅಷ್ಟೇ."

"ಹಂಗಾದ್ರೆ ಚಾಪೆ ಹುಲಿಗೆಮ್ಮಂದು. ಬಾರಮ್ಮ, ಕೂತ್ಕೋ."

ತೀರ್ಥಪ್ಪ ಹಿಂದಿನ ಸಾಲಿಗೆ ನಡೆದು, ಆಗಲೇ ಅಲ್ಲಿಗೆ ಸರಿದಿದ್ದ ಈರಭದ್ರಪ್ಪನ ಪಕ್ಕ ಕೂತ. ಹೆಂಗಸರ ಸಾಲಿನಿಂದ ಹುಲಿಗೆಮ್ಮ ಎದ್ದು ಬಂದು ಚಾಪೆ ಸುತ್ತಿ ಕಂಕುಳಿಗೆ ಇಟ್ಟುಕೊಂಡಳು.

"ನಂದೇ ತಾನೆ ಸ್ವಾಮಿ? ನಾನು ಯಾರಿಗ್ ಬೇಕಾದ್ರೂ ಕೊಡ್ಬೌದಾ?"

"ಕೊಡಮ್ಮ."

"ನಂಗೆ ಗುಡಿ ಹೊರಗೆ ನಿಂತ್ರೂ ಪದ್ಯ ಕೇಳ್ಸುತ್ತೆ. ಇವ್ರಿಗೆ ಮೊಳ ದೂರ ಆದ್ರೆ ಒಂದಕ್ಷರ ಕೇಳ್ಸಲ್ಲ. ವರ್ಷಗಟ್ಲೆ ನಾಚ್ಕೊಂಡು ಮುಚ್ಚಿಟ್ಟಿದಾರೆ." ಅವಳು ಚಾಪೆಯನ್ನು ವ್ಯಾಸಪೀಠಕ್ಕೆ ಇನ್ನೂ ಒಂದು ಗೇಣು ಹತ್ತಿರ ಹಾಸಿದಳು.

ಎಲ್ಲರೂ ತಿರುಗಿ ತೀರ್ಥಪ್ಪನನ್ನು ನೋಡಿದರು. ಅವನು ಪಕ್ಕದಲ್ಲಿದ್ದ ಈರಭದ್ರಪ್ಪನನ್ನು ಕೇಳಿದ: "ಏನಂದ್ಲು ಕಣೋ?"

ಈರಭದ್ರಪ್ಪ ತೊಡೆಯ ಮೇಲಿನ ತಟ್ಟೆ ಕೆಳಗಿಟ್ಟ. ಆಮೇಲೆ ಅವನ ಕಿವಿಯ ಹತ್ತಿರ ಬಾಯಿಟ್ಟು, ಗುಡಿಗೆಲ್ಲ ಕೇಳುವಂತೆ ಕೂಗಿದ: "ಮುಂದೆ ಹೋಗಿ ಕೂತ್ಕೋಬೇಕಂತೆ ಕಣೋ ತೀರ್ಥಣ್ಣಾ! ಏಳೋ, ಹೊತ್ತಾಯ್ತು!"